ಹಳೆಯ ಜೀಪಿನ ಚುಕ್ಕಾಣಿ ಪೆಟ್ಟಿಗೆ

ಎರಡನೆಯ ಮಹಾಯುದ್ಧದ ಕಾಲದಲ್ಲಿ ತಯಾರಾದ ವಿಲ್ಲೀಸ್ ಜೀಪುಗಳಲ್ಲಿ ಕೆಲವು ಇಂದಿಗೂ ಓಡುತ್ತಿವೆ. ಅಂತಹ ಜೀಪಿನ ಚುಕ್ಕಾಣಿ ಚಕ್ರವು ಗಾಲಿಗಳನ್ನು ತಿರುಗಿಸದೆ ಅತ್ತಿತ್ತ ಆಡುತ್ತಿದ್ದರೆ, ಮೊದಲು ಸರಳುಗಳ ಕೀಲುಗಳನ್ನು ಪರೀಕ್ಷಿಸತಕ್ಕದ್ದು. ಅವು ಬಿಗಿಯಾಗಿದ್ದರೆ ದೋಷವು ಚುಕ್ಕಾಣಿ ಪೆಟ್ಟಿಗೆಯಲ್ಲಿದೆ.

ಈ ಪೆಟ್ಟಿಗೆಯೊಳಗೆ ಸುರುಳಿಯಾಗಿ ತೋಡು ಕೊರೆದ ಉಕ್ಕಿನ ದಿಂಡೊಂದಿದೆ. ಒಂದು ಸನ್ನೆಯ ಎರಡು ಮೊಳೆಗಳು ಆ ತೋಡಿನಲ್ಲಿ ಕುಳಿತಿವೆ. ಚಕ್ರದೊಡನೆ ದಿಂಡು ತಿರುಗಿದಾಗ ಮೊಳೆಗಳು ಸರಿಯುತ್ತವೆ. ಸನ್ನೆಯು ಹೊರಗಿನ ತೋಳನ್ನು ಚಲಿಸುತ್ತದೆ. ನಡುಸ್ಥಾನದಲ್ಲಿ ಚಕ್ರವು 12 ಡಿಗ್ರಿ ತಿರುಗಿದರೆ ತೋಳು ತಿರುಗುವುದು 1 ಡಿಗ್ರಿ ಮಾತ್ರ. ಚಾಲಕನ ಶ್ರಮ ಉಳಿಯುವುದು ಇದರಿಂದಲೇ; ಆದರೆ ಸನ್ನೆಯಲ್ಲಿ 1 ಡಿಗ್ರಿ ಸಡಿಲವಾದರೆ ಅದೇ ಅವನ ಕೈಯಲ್ಲಿ 12 ಡಿಗ್ರಿಯಾಗುತ್ತದೆ!

ಪಕ್ಕದ ತಿರುಪನ್ನು ಬಿಗಿಮಾಡಿದರೆ ಸಡಿಲವು ಮಾಯವಾಗುತ್ತದೆ. ಅಪಾಯವೂ ಅಲ್ಲಿಯೇ ಇದೆ. ಗಾಡಿಯು ಬಹುಪಾಲು ನೇರವಾಗಿ ಸಾಗುವುದರಿಂದ ತೋಡಿನ ನಡುಭಾಗವೇ ಹೆಚ್ಚು ಸವೆಯುತ್ತದೆ. ಇದನ್ನರಿತೇ ತಯಾರಕರು ನಡುವನ್ನು ತುಸು ಬಿಗಿಯಾಗಿ ಕೊರೆದಿರುತ್ತಾರೆ. ಆ ಬಿಗಿಯು ಸವೆದುಹೋದ ಮೇಲೆ ನಡುವಿಗೆ ಸರಿಹೋಗುವಂತೆ ತಿರುಪನ್ನು ಕೂಡಿಸಿದರೆ, ತಿರುವಿನಲ್ಲಿ ಮೊಳೆಗಳು ಕಚ್ಚಿಕೊಳ್ಳುತ್ತವೆ. ಗಾಲಿಗಳು ತಾವಾಗಿ ನೇರಕ್ಕೆ ಮರಳಲಾರವು.

ಆದುದರಿಂದ ಸಮನೆಲದಲ್ಲಿ ಗಾಡಿಯನ್ನು ನಿಲ್ಲಿಸಿ, ಗಾಲಿಗಳಿಗೆ ಅಡ್ಡಗಲ್ಲು ಕೊಟ್ಟು, ತೋಳಿನಿಂದ ಸರಳನ್ನು ಕಳಚಬೇಕು. ದಿಂಡು ಮೇಲಕ್ಕೂ ಕೆಳಕ್ಕೂ ಆಡುತ್ತಿದ್ದರೆ ಮೇಲ್ಮುಚ್ಚಳದಡಿಯ ತೆಳು ತಗಡುಗಳಲ್ಲಿ ಒಂದನ್ನೋ ಎರಡನ್ನೋ ತೆಗೆದು ಅದನ್ನು ಮೊದಲು ಸರಿಪಡಿಸಬೇಕು. ಅನಂತರ ಚಕ್ರವನ್ನು ನಡುವಿಗೆ ತಂದು, ಕೈಗೆ ಅಲ್ಪ ತಡೆ ತಿಳಿಯುವವರೆಗೆ ಮಾತ್ರ ತಿರುಪನ್ನು ಬಿಗಿಮಾಡಿ, ಎರಡು ಕೊನೆಗಳವರೆಗೂ ಮೆಲ್ಲನೆ ತಿರುಗಿಸಿ ನೋಡಬೇಕು. ಎಲ್ಲಿಯಾದರೂ ಕಚ್ಚಿದರೆ ತಿರುಪನ್ನು ಸಡಿಲಿಸುವುದೇ ಸರಿ. ಆಗಲೂ ನಡುವಿನ ಆಟ ಹೆಚ್ಚಾಗಿ ಉಳಿದರೆ ದಿಂಡು, ಸನ್ನೆಗಳೆರಡನ್ನೂ ಬದಲಿಸಬೇಕು. ಸವೆದ ಮೊಳೆಗೆ ಬೆಸುಗೆ ಹಾಕಿ ಉಜ್ಜುವವರುಂಟು. ಬೆಸುಗೆಯ ಕಾವಿಗೆ ಉಕ್ಕಿನ ಹದವೇ ಕೆಡುತ್ತದೆ.