ನಿಮಗಿದು ಗೊತ್ತೆ? ಒಂಟಿಕೊಂಬಿನ ಕುದುರೆಯ ಜಪಾನ್ ನಂಟು
ಅಮೆರಿಕದ ‘ದಿ ಲಾಸ್ಟ್ ಯೂನಿಕಾರ್ನ್’ ಅನಿಮೇಷನ್ ಚಿತ್ರಕ್ಕೆ ಜೀವ ತುಂಬಿದ್ದು ಜಪಾನಿನ ಕಲಾವಿದರು! 1982ರಲ್ಲಿ ತೆರೆಕಂಡ ಇದನ್ನು ಬಿಡಿಸಿದ್ದು ಟಾಪ್‌ಕ್ರಾಫ್ಟ್ ಎಂಬ ಸ್ಟುಡಿಯೊ. ಎರಡೇ ವರ್ಷಗಳಲ್ಲಿ ನಿರ್ದೇಶಕ ಹಯಾವೊ ಮಿಯಾಜಾಕಿ ಅವರ ‘ನೌಸಿಕಾ’ ಚಿತ್ರ ಸಿದ್ಧವಾದದ್ದೂ ಅಲ್ಲೇ. 1985ರಲ್ಲಿ ಸ್ಟುಡಿಯೊ ಘಿಬ್ಲಿ ಹುಟ್ಟಿದಾಗ ಟಾಪ್‌ಕ್ರಾಫ್ಟ್‌ನ ಹಲವರು ಅಲ್ಲಿಗೆ ಸೇರಿದರು. ಜಗತ್ತು ಇಂದು ಘಿಬ್ಲಿಯನ್ನು ಕೊಂಡಾಡುತ್ತದೆ. ಅದೇ ಕೈಗಳು ಮೊದಲು ಬಿಡಿಸಿದ ಈ ಚಿತ್ರವನ್ನು ನೆನೆಯುವವರು ಕಡಿಮೆ.

ಪೀಟರ್ ಎಸ್. ಬೀಗಲ್ 1968ರಲ್ಲಿ ಬರೆದ ಕಾದಂಬರಿ ಇದರ ಮೂಲ. ಚಿತ್ರಕಥೆಯೂ ಅವರದೇ. ಹಾಗಾಗಿಯೇ ಕಾದಂಬರಿಯ ವಿಷಾದ ತೆರೆಯ ಮೇಲೂ ಉಳಿದಿದೆ. ತನ್ನ ಕುಲದಲ್ಲಿ ತಾನೊಬ್ಬಳೇ ಉಳಿದೆನೇ ಎಂದು ಹುಡುಕಿ ಹೊರಡುವ ಯೂನಿಕಾರ್ನ್, ನಡುವೆ ಮನುಷ್ಯ ರೂಪ ತಳೆದು ಪ್ರೀತಿಸುತ್ತದೆ, ಮರುಗುವುದನ್ನೂ ಕಲಿಯುತ್ತದೆ. ಮಕ್ಕಳ ಚಿತ್ರವೆಂದು ಇದನ್ನು ಬದಿಗಿಟ್ಟದ್ದು ದೊಡ್ಡ ಅನ್ಯಾಯ.

ಕ್ರೂರ ದೊರೆ ಹ್ಯಾಗರ್ಡ್‌ಗೆ ದನಿ ಕೊಟ್ಟವರು ಡ್ರಾಕುಲಾ ಖ್ಯಾತಿಯ ಕ್ರಿಸ್ಟೋಫರ್ ಲೀ. ಕಾದಂಬರಿಯ ಅಭಿಮಾನಿಯಾಗಿದ್ದ ಅವರು ಜರ್ಮನ್ ಆವೃತ್ತಿಗೂ ತಾವೇ ಮಾತನಾಡಿದರು!