ದಂತ ಚಿಕಿತ್ಸಾಲಯದ ಬೆಳವಣಿಗೆಗೆ ವೃತ್ತಿಗೆ ತಕ್ಕ ನಿರ್ವಹಣಾ ತಂತ್ರಾಂಶ

ರಾಯಚೂರಿನ ರಾಜೇಂದ್ರ ಗಂಜ್‌ನ ದಲಾಲಿ ಅಂಗಡಿಯಿರಲಿ, ಮಾನ್ವಿಯ ಅಕ್ಕಿ ಗಿರಣಿಯಿರಲಿ, ಕಿರ್ದಿ ಮತ್ತು ಖಾತೆ ಪುಸ್ತಕಗಳ ಸ್ಥಾನವನ್ನು ಗಣಕಯಂತ್ರವು ಬಹುಮಟ್ಟಿಗೆ ಆಕ್ರಮಿಸಿದೆ. ಆದರೆ ಲೆಕ್ಕ ಬರೆದಿಡುವುದು ಬೇರೆ, ಉದ್ಯಮವನ್ನು ನಿರ್ವಹಿಸುವುದು ಬೇರೆ. ಈ ವ್ಯತ್ಯಾಸವನ್ನು ಅರಿಯಲು ದಂತ ಚಿಕಿತ್ಸಾಲಯವು ಉತ್ತಮ ನಿದರ್ಶನವಾಗಿದೆ. ರಾಯಚೂರು ನಗರದಲ್ಲಿ ಎ.ಎಂ.ಇ. ಮತ್ತು ನವೋದಯ ದಂತ ವೈದ್ಯಕೀಯ ಕಾಲೇಜುಗಳಿವೆ. ಅವುಗಳ ನಡುವೆ ಖಾಸಗಿ ಚಿಕಿತ್ಸಾಲಯವೊಂದು ಬೆಳೆಯಬೇಕಾದರೆ ವೈದ್ಯರ ಕೈಚಳಕವೊಂದೇ ಸಾಲದು, ವ್ಯವಸ್ಥೆಯೂ ಬೇಕು.

ಎರಡು ಬಗೆಯ ತಂತ್ರಾಂಶಗಳು

ವರ್ತಕರಿಗೆ ಚಿರಪರಿಚಿತವಾದ ಟ್ಯಾಲಿಯ ಮೂಲ ಸಂಸ್ಥೆಯು 1986ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಅಂಗಡಿ, ಕಾರ್ಖಾನೆ, ಗೋದಾಮು ಎಲ್ಲಕ್ಕೂ ಒಗ್ಗುವುದೇ ಅದರ ಹಿರಿಮೆ. ಇದಕ್ಕೆ ಭಿನ್ನವಾಗಿ ಒಂದೇ ವೃತ್ತಿಯ ಅಗತ್ಯಕ್ಕೆಂದು ರೂಪಿಸಿದ ತಂತ್ರಾಂಶಗಳೂ ಇವೆ. ಸುರತ್ಕಲ್‌ನ ರಾಷ್ಟ್ರೀಯ ತಾಂತ್ರಿಕ ಸಂಸ್ಥೆಯಲ್ಲಿ ಓದಿದ ಶಶಾಂಕ್ ಎನ್.ಡಿ. ಮತ್ತು ಅಭಿನವ್ ಲಾಲ್ ಅವರು 2008ರಲ್ಲಿ ಸ್ಥಾಪಿಸಿದ ಪ್ರ್ಯಾಕ್ಟೋ ಸಂಸ್ಥೆಯು ಮೊದಲು ಸಿದ್ಧಪಡಿಸಿದ್ದು ಚಿಕಿತ್ಸಾಲಯ ನಿರ್ವಹಣೆಯ ತಂತ್ರಾಂಶವನ್ನೇ. ಕೇವಲ ದಂತವೈದ್ಯರಿಗೆಂದೇ ರಚಿತವಾದ ತಂತ್ರಾಂಶಗಳೂ ದೇಶ ವಿದೇಶಗಳಲ್ಲಿ ಬಳಕೆಯಲ್ಲಿವೆ.

ಇವುಗಳ ತಳಹದಿ ಗ್ರಾಹಕನ ಖಾತೆಯಲ್ಲ, ರೋಗಿಯ ಹಲ್ಲು. ಅಂತರರಾಷ್ಟ್ರೀಯ ಪದ್ಧತಿಯಂತೆ ಪ್ರತಿಯೊಂದು ಹಲ್ಲಿಗೂ ಎರಡಂಕಿಯ ಸಂಖ್ಯೆಯಿದೆ. ವಯಸ್ಕರ 32 ಹಲ್ಲುಗಳಿಗೆ ನಾಲ್ಕು ಭಾಗಗಳಲ್ಲಿ 11ರಿಂದ 18, 21ರಿಂದ 28, 31ರಿಂದ 38 ಹಾಗೂ 41ರಿಂದ 48 ಎಂಬ ಸಂಖ್ಯೆಗಳನ್ನು ನೀಡಲಾಗಿದೆ. ಯಾವ ಹಲ್ಲಿಗೆ ಯಾವ ಚಿಕಿತ್ಸೆ, ಎಷ್ಟನೆಯ ಭೇಟಿ, ಒಪ್ಪಿದ ಶುಲ್ಕವೆಷ್ಟು, ಬಂದ ಹಣವೆಷ್ಟು ಎಂಬುದೆಲ್ಲ ಈ ಸಂಖ್ಯೆಗೆ ಜೋಡಣೆಯಾಗುತ್ತದೆ.

ಕಿರ್ದಿಯಲ್ಲಿ ಕಾಣದ ಬಾಕಿ

ಒಂದು ಕಾಲ್ಪನಿಕ ಉದಾಹರಣೆಯನ್ನು ಗಮನಿಸಬಹುದು. ದೇವದುರ್ಗ ತಾಲ್ಲೂಕಿನ ರೈತರೊಬ್ಬರು ರಾಯಚೂರಿಗೆ ಬಂದು ದವಡೆ ಹಲ್ಲಿನ ಬೇರುನಾಳ ಚಿಕಿತ್ಸೆ ಆರಂಭಿಸುತ್ತಾರೆ. ಕವಚ ಸಹಿತ ಒಪ್ಪಿದ ಶುಲ್ಕ 6,000 ರೂ.; ಮೊದಲ ದಿನ ಕೊಟ್ಟದ್ದು 2,000 ರೂ. ನೋವು ಶಮನವಾದೊಡನೆ ಅವರು ಮರಳಿ ಬರುವುದಿಲ್ಲ. ಕಿರ್ದಿಯಲ್ಲಿ 2,000 ರೂ. ಜಮಾ ಆಗಿದೆ, ಲೆಕ್ಕ ತಾಳೆಯಾಗಿದೆ. ಆದರೆ ಚಿಕಿತ್ಸೆ ಅರ್ಧಕ್ಕೆ ನಿಂತಿರುವುದನ್ನಾಗಲಿ, ಪ್ರಯೋಗಾಲಯದಿಂದ ಬಂದ ಕವಚವು ಕಪಾಟಿನಲ್ಲಿ ಕುಳಿತಿರುವುದನ್ನಾಗಲಿ ಕಿರ್ದಿ ಹೇಳುವುದಿಲ್ಲ. ಕವಚವಿಲ್ಲದ ಹಲ್ಲು ಮುರಿದರೆ ರೋಗಿಗೂ ನಷ್ಟ, ವೈದ್ಯರ ಹೆಸರಿಗೂ ಕುಂದು.

ವೃತ್ತಿಗೆ ತಕ್ಕ ತಂತ್ರಾಂಶವು ಇಂತಹ ಅಪೂರ್ಣ ಚಿಕಿತ್ಸೆಗಳ ಪಟ್ಟಿಯನ್ನು ಮುಂದಿಡುತ್ತದೆ. ಸಿಬ್ಬಂದಿಯವರು ಆ ಪಟ್ಟಿ ಹಿಡಿದು ದೂರವಾಣಿ ಕರೆ ಮಾಡಿದರೆ ಸಾಕು. ಮಾನ್ವಿ, ದೇವದುರ್ಗಗಳಿಗೆ ವಾರಕ್ಕೊಂದು ದಿನ ಹೋಗಿಬರುವ ವೈದ್ಯರು ಆಯಾ ಊರಿನ ಪಟ್ಟಿಯನ್ನು ಪ್ರತ್ಯೇಕಿಸಿಕೊಂಡು, ಕವಚಗಳನ್ನು ಜೊತೆಗೇ ಒಯ್ಯಬಹುದು. ಹೊಸ ರೋಗಿಗಳನ್ನು ಅರಸುವ ಮೊದಲು ಇರುವ ರೋಗಿಗಳ ಚಿಕಿತ್ಸೆಯನ್ನು ಪೂರ್ಣಗೊಳಿಸುವುದೇ ಬೆಳವಣಿಗೆಯ ಮೊದಲ ಮೆಟ್ಟಿಲು.

ಕುರ್ಚಿಯ ಗಂಟೆಯ ಬೆಲೆ

ಮಾರಾಟವಾಗದ ಭತ್ತವನ್ನು ಗೋದಾಮಿನಲ್ಲಿಡಬಹುದು. ಕಳೆದುಹೋದ ಗಂಟೆಯನ್ನು ಇಡಲಾಗದು. ದಿನಕ್ಕೆ 8 ಗಂಟೆಯಂತೆ ತಿಂಗಳಿಗೆ 25 ದಿನ ದುಡಿಯುವ ಒಂದು ಕುರ್ಚಿಗೆ 200 ಗಂಟೆಗಳು ಲಭ್ಯ. ಬಾಡಿಗೆ, ವೇತನ, ಸಾಲದ ಕಂತು ಸೇರಿ ಸ್ಥಿರ ವೆಚ್ಚ 1,20,000 ರೂ. ಎಂದಿಟ್ಟುಕೊಂಡರೆ ಗಂಟೆಗೆ 600 ರೂ. ತಗಲುತ್ತದೆ. ಸಮಯ ಗೊತ್ತುಮಾಡಿಯೂ ಬಾರದವರಿಂದ 40 ಗಂಟೆ ವ್ಯರ್ಥವಾದರೆ ಅದೇ ವೆಚ್ಚ 750 ರೂ.ಗೆ ಏರುತ್ತದೆ. ಹಿಂದಿನ ದಿನ ಕಳುಹಿಸುವ ಜ್ಞಾಪನಾ ಸಂದೇಶದ ಮಹತ್ವ ಇಲ್ಲಿದೆ.

ಕೃಷಿಪ್ರಧಾನವಾದ ಈ ಭಾಗದಲ್ಲಿ ಇನ್ನೊಂದು ಅಂಶವೂ ಇದೆ. ಬಿತ್ತನೆ, ಹತ್ತಿ ಬಿಡಿಸುವ ಕಾಲಗಳಲ್ಲಿ ಗ್ರಾಮೀಣ ರೋಗಿಗಳಿಗೆ ಬಿಡುವಿರುವುದಿಲ್ಲ. ಫಸಲಿನ ಹಣ ಕೈಸೇರಿದಾಗ ಬರುವವರು ಹೆಚ್ಚು. ಎರಡು ಮೂರು ವರ್ಷಗಳ ಅಂಕಿ ಅಂಶ ಕೈಯಲ್ಲಿದ್ದರೆ ಸಾಮಗ್ರಿ ಖರೀದಿಯನ್ನೂ ಕಂತುಗಳ ಗಡುವನ್ನೂ ಅದಕ್ಕೆ ಹೊಂದಿಸಬಹುದು. ಎರಡನೆಯ ಕುರ್ಚಿಗೆ ಬ್ಯಾಂಕ್ ಸಾಲ ಪಡೆಯುವ ಮುನ್ನ ಮೊದಲ ಕುರ್ಚಿಯು ನಿಜಕ್ಕೂ ತುಂಬಿದೆಯೇ ಎಂಬುದಕ್ಕೂ ಇದೇ ದಾಖಲೆ ಉತ್ತರ ನೀಡುತ್ತದೆ.

ತೆರಿಗೆ ಮತ್ತು ಕಾನೂನು

ವೈದ್ಯರು ರೋಗಿಯ ಹೆಸರು, ಸೇವೆಯ ಸ್ವರೂಪ, ಶುಲ್ಕ, ಅದು ಬಂದ ದಿನಾಂಕಗಳನ್ನು ನಮೂನೆ 3ಸಿಯಲ್ಲಿ ದಿನಂಪ್ರತಿ ದಾಖಲಿಸಬೇಕೆಂದು 1962ರ ಆದಾಯ ತೆರಿಗೆ ನಿಯಮಗಳ 6ಎಫ್ ನಿಯಮವು ವಿಧಿಸಿತ್ತು. ಅಂದರೆ ರೋಗಿವಾರು ದಾಖಲೆಯ ಕಲ್ಪನೆ ಹೊಸದಲ್ಲ. 2017ರಲ್ಲಿ ಜಾರಿಗೆ ಬಂದ ಜಿ.ಎಸ್.ಟಿ.ಯಲ್ಲಿ ಆರೋಗ್ಯ ಸೇವೆಗೆ ವಿನಾಯಿತಿಯಿದೆಯಾದರೂ ಸೌಂದರ್ಯವರ್ಧಕ ಶಸ್ತ್ರಚಿಕಿತ್ಸೆಗೆ ಸಾಮಾನ್ಯವಾಗಿ ಅದು ಅನ್ವಯಿಸುವುದಿಲ್ಲ. ವಿನಾಯಿತಿಯುಳ್ಳ ಸೇವೆಗೆಂದು ಕೊಂಡ ಸಾಮಗ್ರಿಯ ಮೇಲೆ ತೆತ್ತ ತೆರಿಗೆಯ ಹೂಡುವಳಿ ಜಮೆಯೂ ದೊರೆಯದು. ಅದು ವೆಚ್ಚವೇ ಆಗುತ್ತದೆ. ಆದ್ದರಿಂದ ಚಿಕಿತ್ಸೆಯ ಬಗೆವಾರು ವರಮಾನವನ್ನು ಮೊದಲ ದಿನದಿಂದಲೇ ಬೇರ್ಪಡಿಸುವುದು ಕ್ಷೇಮ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದನ್ವಯ ನೋಂದಣಿ ಮತ್ತು ಶುಲ್ಕ ಪಟ್ಟಿಯ ಪ್ರದರ್ಶನವೂ ಕಡ್ಡಾಯ.

ಕೊಳ್ಳುವ ಮುನ್ನ

1. ಒಪ್ಪಂದ ಮುಗಿದಾಗ ರೋಗಿಗಳ ಸಂಪೂರ್ಣ ಮಾಹಿತಿಯು ಬಳಸಬಹುದಾದ ರೂಪದಲ್ಲಿ ಮರಳಿ ಸಿಗುವುದೇ ಎಂಬುದನ್ನು ಲಿಖಿತವಾಗಿ ಪಡೆಯಬೇಕು.

2. ವಿದ್ಯುತ್ ಅಥವಾ ಅಂತರ್ಜಾಲ ಕೈಕೊಟ್ಟಾಗ ಕೆಲಸ ಸಾಗುವುದೇ ಎಂದು ಪರೀಕ್ಷಿಸಬೇಕು.

3. ಸಂದೇಶಗಳನ್ನು ಕನ್ನಡದಲ್ಲಿ ಕಳುಹಿಸಲು ಸಾಧ್ಯವಿರಬೇಕು.

4. ಲೆಕ್ಕಪತ್ರದ ತಂತ್ರಾಂಶಕ್ಕೆ ದಿನದ ವರಮಾನವನ್ನು ವರ್ಗಾಯಿಸುವಂತಿರಬೇಕು.

5. ರೋಗಿಯ ಮಾಹಿತಿಯನ್ನು ಯಾರು ನೋಡಬಹುದೆಂಬ ನಿರ್ಬಂಧವಿರಬೇಕು. ವೈಯಕ್ತಿಕ ಡಿಜಿಟಲ್ ದತ್ತಾಂಶ ರಕ್ಷಣೆಗೆಂದೇ 2023ರಲ್ಲಿ ಸಂಸತ್ತು ಕಾಯ್ದೆಯನ್ನು ರಚಿಸಿದೆ.

ಎಲ್ಲಕ್ಕಿಂತ ಮಿಗಿಲಾಗಿ, ಅಂದಿನ ದಾಖಲೆಯನ್ನು ಅಂದೇ ಮಾಡುವ ಶಿಸ್ತಿಲ್ಲದಿದ್ದರೆ ಎಷ್ಟೇ ಬೆಲೆಯ ತಂತ್ರಾಂಶವೂ ನಿಷ್ಪ್ರಯೋಜಕ.

ಈ ಪಾಠ ದಂತವೈದ್ಯರಿಗಷ್ಟೇ ಸೀಮಿತವಲ್ಲ. ಅಕ್ಕಿ ಗಿರಣಿಗೆ ಭತ್ತದ ಪ್ರತಿ ಲಾಟಿನಿಂದ ಬಂದ ಅಕ್ಕಿ, ನುಚ್ಚು, ತೌಡಿನ ಪ್ರಮಾಣ. ಜಿನ್ನಿಂಗ್ ಘಟಕಕ್ಕೆ ಹತ್ತಿಯಿಂದ ಬೇರ್ಪಟ್ಟ ಅರಳೆ ಮತ್ತು ಬೀಜದ ಪ್ರಮಾಣ. ಇವೇ ಅವುಗಳ 'ಹಲ್ಲಿನ ಸಂಖ್ಯೆ'. ತನ್ನ ಉದ್ಯಮದಲ್ಲಿ ನಷ್ಟ ಅಡಗಿ ಕುಳಿತಿರುವ ಜಾಗ ಯಾವುದೆಂದು ಉದ್ಯಮಿಯು ಮೊದಲು ಗುರುತಿಸಬೇಕು. ಆ ಜಾಗವನ್ನು ಪ್ರತಿದಿನವೂ ತೋರಿಸಬಲ್ಲ ತಂತ್ರಾಂಶವೇ ಆತನಿಗೆ ತಕ್ಕ ತಂತ್ರಾಂಶ.