ರ‍್ಯಾಂಪ್ ಹತ್ತಿದ ಕನ್ನಡಿ, ತಾಂಡಾದಲ್ಲೇ ಉಳಿದ ಸೂಜಿ

ಸಂತೆ ದಿನ ಕೂಡ್ಲಿಗಿ ಬಸ್ ನಿಲ್ದಾಣದಲ್ಲಿ ಒಂದು ಗಳಿಗೆ ನಿಂತು ನೋಡಿ. ಒಂದೇ ತಾಂಡಾದ ಅಜ್ಜಿ, ಮಗಳು, ಮೊಮ್ಮಗಳು ಬಸ್ಸಿನಿಂದ ಇಳೀತಾರೆ. ಅಜ್ಜಿ ಮೈಮೇಲೆ ಕನ್ನಡಿ, ಕವಡೆ, ಕಾಸು ಹೊಲಿದ ಕಾಂಚಳಿ ಕುಪ್ಪಸ, ನೆರಿಗೆ ನೆರಿಗೆಯ ಫೇಟಿಯಾ ಲಂಗ, ತಲೆ ಮೇಲೆ ಛಾಂಟಿಯಾ. ಮಗಳಿಗೆ ಪಾಲಿಯೆಸ್ಟರ್ ಸೀರೆ. ಮೊಮ್ಮಗಳಿಗೆ ಲೆಗ್ಗಿಂಗ್ಸು, ಟಾಪು. ಮೂವರ ಕೈಯಲ್ಲೂ ಶಕ್ತಿ ಯೋಜನೆಯ ಸೊನ್ನೆ ರೂಪಾಯಿ ಟಿಕೆಟ್ಟು!

ಹಳೇ ಕಾಲದ ವೇಷ ಅಂತ ಕಾಲೇಜು ಹುಡುಗರು ಆ ಅಜ್ಜಿಯನ್ನು ನೋಡಿ ನಗಬಹುದು. ಅತ್ತ ದೊಡ್ಡ ಊರಿನ ಡಿಸೈನರುಗಳು ಅದೇ ಕಸೂತಿಯನ್ನು ಜಾಕೆಟ್ಟು, ಬ್ಯಾಗು, ಲೆಹಂಗಾ ಅಂಚಿಗೆ ಹಾಕಿ, 'ಬೋಹೋ' ಅಂತಲೋ 'ಬಂಜಾರ' ಅಂತಲೋ ಹೆಸರಿಟ್ಟು ಮೆರೆಸುತ್ತಾರೆ. ನಗೋದು ಯಾರು, ದುಡಿಯೋದು ಯಾರು, ಎಣಿಸೋದು ಯಾರು ನೋಡಿ!

ರ‍್ಯಾಂಪ್ ಅಂದರೆ ಏನಪ್ಪಾ ಅನ್ನುವ ಹಿರಿಯರಿಗೆ ಒಂದು ಮಾತು. ಅದೊಂದು ಉದ್ದನೆ ಕಟ್ಟೆ. ಹೊಸ ಬಟ್ಟೆ ತೊಟ್ಟ ಹುಡುಗ ಹುಡುಗಿಯರು ಮುಖ ಗಂಟಿಕ್ಕಿಕೊಂಡು ಅದರ ಮೇಲೆ ಹೋಗಿ ಬರ್ತಾರೆ. ಪ್ಯಾರಿಸ್, ಮಿಲಾನ್, ಲಂಡನ್, ನ್ಯೂಯಾರ್ಕ್ ಈ ಜಾತ್ರೆಯ ಊರುಗಳು. ಮುಂದಿನ ಬೇಸಿಗೆಯ ಬಟ್ಟೆ ಸೆಪ್ಟೆಂಬರಿನಲ್ಲಿ, ಮುಂದಿನ ಚಳಿಗಾಲದ್ದು ಫೆಬ್ರವರಿಯಲ್ಲಿ ತೋರಿಸ್ತಾರೆ. ಆರು ತಿಂಗಳು ಮುಂಚೆ ತೋರಿಸಿದರೆ ತಾನೆ ಅಂಗಡಿಯವರು ಆರ್ಡರ್ ಕೊಡೋದು? ನಮ್ಮ ಜವಳಿ ಅಂಗಡಿಯವರ ಲೆಕ್ಕವೂ ಅದೇ. ಮೈಲಾರದ ಜಾತ್ರೆ, ಕೊಟ್ಟೂರು ತೇರು ಮುಗಿಯುತ್ತಲೇ ಯುಗಾದಿ, ಅದರ ಬೆನ್ನಿಗೆ ಮದುವೆ ಸೀಸನ್ನು. ಸರಕು ಅದಕ್ಕೂ ಮುಂಚೆ ದಾವಣಗೆರೆಯಿಂದಲೋ ಬಳ್ಳಾರಿಯಿಂದಲೋ ಇಳಿದಿರಬೇಕು.

ಈಗ ಸೂಜಿಯ ವಿಷಯಕ್ಕೆ ಬರೋಣ. ಎತ್ತಿನ ಮೇಲೆ ಉಪ್ಪು, ದವಸ ಹೇರಿಕೊಂಡು ದೇಶ ಸುತ್ತಿದ ಜನ ಲಂಬಾಣಿಗರು. ರೈಲು ಬಂತು, ಹೇರಿನ ವ್ಯಾಪಾರ ಬಿತ್ತು, ತಾಂಡಾ ಕಟ್ಟಿ ಕೂತರು. ಅಲೆಯುವವರಿಗೆ ಬೀರು ಎಲ್ಲಿಯದು, ಪೆಟ್ಟಿಗೆ ಎಲ್ಲಿಯದು? ಚೂರು ಬಟ್ಟೆ ಕೂಡಿಸಿ, ಕನ್ನಡಿ, ಕವಡೆ ಕೂರಿಸಿ, ಕಾಸನ್ನೂ ಅಂಚಿಗೇ ಹೊಲಿದು ಮೈಮೇಲೆ ಹೊತ್ತರು.

ಕೂಡ್ಲಿಗಿ ಪಕ್ಕದ ಸಂಡೂರಿನಲ್ಲಿ ಹುಟ್ಟಿದ ಸಂಡೂರು ಕುಶಲ ಕಲಾ ಕೇಂದ್ರ ಈ ಕೈಕೆಲಸಕ್ಕೆ ಮಾರುಕಟ್ಟೆ ಹುಡುಕಿಕೊಟ್ಟಿತು. ತಮ್ಮ ಮೈಗೆ, ಮನೆಗೆ ಅಂತ ಹೊಲಿಯುತ್ತಿದ್ದುದನ್ನು ಹೆಂಗಸರು ಚೀಲ, ಕುರ್ತಾ, ದಿಂಬಿನ ಕವರಿನ ಮೇಲೆ ಹೊಲಿದು ದುಡ್ಡು ಕಂಡರು. 'ಸಂಡೂರು ಲಂಬಾಣಿ ಕಸೂತಿ'ಗೆ ಜಿಐ ಟ್ಯಾಗ್ ಕೂಡ ಸಿಕ್ಕಿತು. 2023ರ ಜುಲೈನಲ್ಲಿ ಜಿ-20 ಸಂಸ್ಕೃತಿ ಸಭೆ ಹಂಪಿಗೆ ಬಂದಾಗ, 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರ ಕೈಯ 1,755 ಸಾಮಾನುಗಳನ್ನು ಒಂದೇ ಕಡೆ ಇಟ್ಟು ಗಿನ್ನೆಸ್ ದಾಖಲೆ ಮಾಡಿದರು.

ಸಂತೋಷದ ಮಾತೇ. ಆದರೆ ಸಂಡೂರು ಬಳ್ಳಾರಿ ಜಿಲ್ಲೆಯಲ್ಲೇ ಉಳೀತು. 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ನಾವು ಆರು ತಾಲ್ಲೂಕಿನವರು ಈ ಕಡೆ ಬಂದೆವು. (ಹರಪನಹಳ್ಳಿಯವರದಂತೂ ಕೇಳಲೇಬೇಡಿ. 1997ರಲ್ಲಿ ದಾವಣಗೆರೆ, 2018ರಲ್ಲಿ ಮತ್ತೆ ಬಳ್ಳಾರಿ, ಈಗ ವಿಜಯನಗರ!) ಜಿಲ್ಲೆಯ ಗಡಿ ಸೂಜಿಗೇನು ಗೊತ್ತು? ಹಡಗಲಿ, ಹಗರಿಬೊಮ್ಮನಹಳ್ಳಿ ಕಡೆಯ ತಾಂಡಾಗಳ ಅಜ್ಜಿಯರೂ ಅದೇ ಹೊಲಿಗೆ ಬಲ್ಲವರು. ಸಂಡೂರಿನಷ್ಟು ಹೆಸರಾದ ಬಾಗಿಲು ಮಾತ್ರ ಇಲ್ಲಿಲ್ಲ.

ಬಾಗಿಲಿಲ್ಲದವರು ಬೀದಿಗೆ ಹೋಗ್ತಾರೆ. ಗೋವಾದ ಅಂಜುನಾ ಸಂತೆಯಲ್ಲಿ, ಹಂಪಿ ಬೀದಿಯಲ್ಲಿ ಗಂಟು ಬಿಚ್ಚಿ ಕೂತ ಲಂಬಾಣಿ ಹೆಂಗಸರನ್ನು ಯಾರು ನೋಡಿಲ್ಲ? ಪ್ರವಾಸಿ ಚೌಕಾಸಿ ಮಾಡಿ ಒಯ್ಯುತ್ತಾನೆ. ಅದು ಮುಂದೆ ಯಾವ ಕಟ್ಟೆ ಹತ್ತಿತು, ಯಾರ ಹೆಸರು ಹೊತ್ತಿತು ಅನ್ನೋ ಸುದ್ದಿ ಹೊಲಿದವಳಿಗೆ ಬರೋದೇ ಇಲ್ಲ.

ಹೆಸರಿನ ಮಾತು ಬಂತಲ್ಲ, ಕೊಲ್ಹಾಪುರಿ ಚಪ್ಪಲಿ ಕಥೆ ಕೇಳಿ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನಲ್ಲಿ ಗಂಡಸರ ಉಡುಪು ತೋರಿಸಿತು. ಮಾಡೆಲ್‌ಗಳ ಕಾಲಲ್ಲಿ ಥೇಟ್ ಕೊಲ್ಹಾಪುರಿ! ಹೆಸರು ಮಾತ್ರ ಎಲ್ಲೂ ಇಲ್ಲ. ಆ ಚಪ್ಪಲಿಗೆ 2019ರಲ್ಲೇ ಜಿಐ ಸಿಕ್ಕಿತ್ತು. ಮಹಾರಾಷ್ಟ್ರದ 4 ಜಿಲ್ಲೆ ಜತೆಗೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರವೂ ಅದರಲ್ಲಿವೆ. ಗದ್ದಲ ಎದ್ದಿತು. ಭಾರತದ ಕೈಕಸುಬಿನಿಂದಲೇ ತೆಗೆದುಕೊಂಡದ್ದು ಅಂತ ಕಂಪನಿ ಒಪ್ಪಿತು. ಅದೇ ವರ್ಷ ಡಿಸೆಂಬರಿನಲ್ಲಿ ಕರ್ನಾಟಕದ ಲಿಡ್ಕರ್, ಮಹಾರಾಷ್ಟ್ರದ ಲಿಡ್‌ಕಾಂ ಜತೆ ಒಪ್ಪಂದಕ್ಕೂ ಬಂತು.

ಇದು ಬರೀ ಜಿಐ ಕಾಗದದ ಪ್ರತಾಪ ಅಂದುಕೊಳ್ಳಬೇಡಿ. ಆ ಚಪ್ಪಲಿ ಇವತ್ತಿಗೂ ಜನರ ಕಾಲಲ್ಲಿ ಐತಿ. ಫೋಟೋ ನೋಡಿದ ಕೂಡಲೆ 'ಏ, ಇದು ನಮ್ದಲ್ಲೋ' ಅನ್ನೋಕೆ ಸಾವಿರಾರು ಮಂದಿ ಇದ್ದರು. ನಾಳೆ ಯಾವುದೋ ಕಟ್ಟೆ ಮೇಲೆ ಕಾಂಚಳಿಯ ಅಂಚು ಬಂದರೆ ಹಾಗೆ ಅನ್ನೋರು ನಮ್ಮಲ್ಲಿ ಎಷ್ಟು ಜನ ಇರ್ತಾರೆ? ಕೊಟ್ಟೂರಿನ ಹುಡುಗಿಗೆ ಅದು ಶಾಲೆ ಗ್ಯಾದರಿಂಗಿನಲ್ಲಿ ಬಾಡಿಗೆಗೆ ತಂದ ಡ್ಯಾನ್ಸ್ ಡ್ರೆಸ್ಸು, ಅಷ್ಟೇ.

ಮೊಮ್ಮಗಳು ದಿನಾ ಅದನ್ನೇ ಉಡಲಿ ಅಂತ ಹೇಳೋದು ಅಧಿಕಪ್ರಸಂಗ. ನಾವೇನು ಕಚ್ಚೆ ಪಂಚೆ ಉಟ್ಟು ಓಡಾಡ್ತೀವಾ? ಬಳ್ಳಾರಿಯಲ್ಲಿ ಹೊಲಿದ ಜೀನ್ಸು ಬಿಟ್ಟರೆ ಬೇರೆ ಪ್ಯಾಂಟು ನಮಗೆ ಗೊತ್ತಿಲ್ಲ. ಫೇಟಿಯಾ ಭಾರ. ಕನ್ನಡಿ, ಕವಡೆ ಇರೋ ಬಟ್ಟೆಯನ್ನು ಕಲ್ಲಿಗೆ ಬಡಿದು ಒಗೆಯೋಕೆ ಆಗೋಲ್ಲ. ಕಬ್ಬು ಕಡಿಯೋಕೆ, ಕಾಫಿ ತೋಟಕ್ಕೆ ಗುಳೆ ಹೋಗುವವಳಿಗೆ ಸೂಜಿ ಹಿಡಿಯಲು ಪುರಸೊತ್ತು ಎಲ್ಲಿ? ಬಸ್ಸಿನಲ್ಲಿ, ಶಾಲೆಯಲ್ಲಿ ಉಡುಪು ನೋಡಿ ಆಡಿಕೊಂಡವರು ನಾವೇ ಅಲ್ಲವೆ? ಉಡೋದು ಬಿಡೋದು ಅವರಿಷ್ಟ. ಕೈಕೆಲಸ ಅಜ್ಜಿ ಜತೆ ಮಣ್ಣಿಗೆ ಹೋಗೋದು ಬೇರೆ ಮಾತು. ಕೂಲಿಗಿಂತ ಸೂಜಿಯೇ ಮೇಲು ಅನ್ನುವಷ್ಟು ದುಡ್ಡು ಕಂಡರೆ ಮೊಮ್ಮಗಳು ಕಲಿತಾಳೆ. ಇಲ್ಲದಿದ್ದರೆ ಯಾಕೆ ಕಲಿಯಬೇಕು?

ಅಂಗಡಿಯವರಿಗೆ ಇಲ್ಲಿ ಕೆಲಸ ಐತಿ. ಲಂಬಾಣಿ ಡಿಸೈನ್ ಅಂತ ಪ್ರಿಂಟ್ ಹೊಡೆದ ಸೀರೆ, ಮೆಷಿನ್ ಹೊಲಿಗೆಯ ಬ್ಯಾಗು ದೂರದ ಊರಿಂದ ತರಿಸಿ ಮಾರ್ತೀರಿ. ಅದರ ಪಕ್ಕ ಒಂದು ಅಡ್ಡಹಲಗೆ, ಹತ್ತು ಮೈಲಿ ಆಚೆಯ ತಾಂಡಾದ ಕೈಕೆಲಸಕ್ಕೆ ಬಿಡೋದು ಕಷ್ಟವೇ? ಮೊಬೈಲ್ ಪೌಚು, ಪರ್ಸು, ಬ್ಲೌಸಿನ ತೋಳಿಗೆ ಹಚ್ಚುವ ಪಟ್ಟಿ ಇಟ್ಟರೂ ಸಾಕು. ಮದುವೆ ಸೀಸನ್ನಿನಲ್ಲಿ ಬ್ಲೌಸ್ ಹೊಲಿಯುವ ಟೈಲರಣ್ಣಗಳೂ ಈ ಪಟ್ಟಿಯನ್ನು ಒಮ್ಮೆ ಗಿರಾಕಿಗೆ ತೋರಿಸಿ ನೋಡಬೇಕು.

ಕೈದೋ ಮೆಷಿನ್ನಿನದೋ ಅಂತ ಗಿರಾಕಿ ಕೇಳೇ ಕೇಳ್ತಾರೆ. ಬಟ್ಟೆ ತಿರುವಿ ಹಿಂಬದಿ ತೋರಿಸಿ. ಕೈಹೊಲಿಗೆಯಲ್ಲಿ ಗಂಟು ಕಾಣ್ತದೆ, ದಾರ ಒಮ್ಮೆ ಉದ್ದ ಒಮ್ಮೆ ಗಿಡ್ಡ ಓಡಿರ್ತದೆ. ಮೆಷಿನ್ನಿನದು ಎಲ್ಲಾ ಒಂದೇ ಸಮ. ಕನ್ನಡಿಗೆ ಉಗುರಿನಿಂದ ತಟ್ಟಿ ನೋಡಿ, ಗಾಜೋ ಪ್ಲಾಸ್ಟಿಕ್ಕೋ ಸದ್ದೇ ಹೇಳ್ತದೆ. ನಿಜವಾದ ಕೆಲಸದಲ್ಲಿ ಕನ್ನಡಿಯನ್ನು ಗೋಂದಿನಿಂದ ಅಂಟಿಸೋದಿಲ್ಲ, ಸುತ್ತ ದಾರದ ಬೇಲಿ ಹಾಕಿ ಹಿಡಿದಿರ್ತಾರೆ. ಇಷ್ಟಾದ ಮೇಲೂ ರೇಟು ಜಾಸ್ತಿ ಆಯ್ತು ಅನ್ನಿಸಿದರೆ, ಸರಕು ತಂದ ಅಜ್ಜಿಯನ್ನೇ ಕೇಳಿ, 'ಎಷ್ಟು ದಿನ ಹಿಡೀತವ್ವಾ' ಅಂತ.